ಮುತ್ತಜ್ಜನ ಅಪ್ಪ ಸಿಕ್ಕಿದ್ದು ಪಹಣಿಯ ಹತ್ತನೇ ಕಲಮಿನಲ್ಲಿ

ಸಮಸ್ಯೆ ಇದು: ಶಿರಸಿ ಕಡೆಯ ನಮ್ಮ ಮನೆತನದಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿ. ಹಾಗಾಗಿ ಕಾಗದದಲ್ಲಿ ಕಂಡ 'ಗಣಪತಿ' ಮುತ್ತಜ್ಜನೋ, ಅವನ ಅಜ್ಜನೋ ತಿಳಿಯುತ್ತಿರಲಿಲ್ಲ.

ಮರಣ ನೋಂದಣಿ ಕೇಳಿದರೆ ವರ್ಷ ಹೇಳಿ ಅಂತಾರೆ, ವರ್ಷವೇ ಗೊತ್ತಿಲ್ಲ. ಜಮೀನು ಯಾರದು, ಸಾಗುವಳಿ ಯಾರದು ಅಂತ ಹೇಳುವ ದಾಖಲೆ ಪಹಣಿ. ಆದರೆ ಕಂಪ್ಯೂಟರ್ ಪಹಣಿ ತೀರಾ ಈಚಿನದು. ವಂಶಾವಳಿ ಜಾಲತಾಣಗಳಲ್ಲಿ ನಮ್ಮ ಊರೇ ಇಲ್ಲ.

ದಾರಿ ಸಿಕ್ಕಿದ್ದು ತೋಟದ ಸರ್ವೆ ನಂಬರಿನಿಂದ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಕೈಬರಹದ ಪಹಣಿಯ ನಕಲಿಗೆ ಅರ್ಜಿ ಕೊಡಿ. ಒಂಬತ್ತನೇ ಕಲಮಿನಲ್ಲಿ ಮಾಲೀಕನ ಹೆಸರು. ಪಕ್ಕದ ಹತ್ತನೆಯದರಲ್ಲಿ ಭೂಮಿ ಅವನಿಗೆ ಹೇಗೆ ಬಂತು ಎಂಬುದು, ಮ್ಯುಟೇಶನ್ (ಹಕ್ಕು ಬದಲಾವಣೆಯ ನಮೂದು) ನಂಬರಿನ ಸಮೇತ. ಆ ನಂಬರು ಬರೆದು ಮ್ಯುಟೇಶನ್ ಪ್ರತಿ ಕೇಳಿ. ನನಗೆ ಸಿಕ್ಕ ಹಾಳೆಯಲ್ಲಿ, ಮಸಿ ಕಂದಿದ್ದರೂ, ಖಾತೇದಾರ ಮೃತನಾದ ಕಾರಣ ವಾರಸುದಾರರು ಎಂದು ಇಬ್ಬರು ಮಕ್ಕಳ ಹೆಸರು, 'ಕೋಂ' ಎಂದು ಹೆಂಡತಿಯ ಹೆಸರು, ತಾರೀಖು ಎಲ್ಲ ಇತ್ತು. ಅದರಲ್ಲೇ ಹಿಂದಿನ ನಮೂದಿನ ನಂಬರೂ. ಹೀಗೇ ಹಿಂದಕ್ಕೆ ಹೋಗಿ.

ಸರಪಳಿ ತುಂಡಾದರೆ ಹೆಚ್ಚಾಗಿ ಪೋಡಿ, ಅಂದರೆ ಸರ್ವೆ ನಂಬರು ಒಡೆದು ಭಾಗವಾದದ್ದು, ಕಾರಣ: 45/2 ಸಿಗದಿದ್ದರೆ 45 ಅಂತ ಹುಡುಕಿ. ಹಿರಿಯರು ಗೇಣಿದಾರರಾಗಿದ್ದರೆ 1974ರ ಮೊದಲಿನ ಪಹಣಿಯಲ್ಲಿ ಹನ್ನೆರಡನೇ ಕಲಂ, ಸಾಗುವಳಿದಾರನ ಹೆಸರಿನದು, ನೋಡಿ. ಆಮೇಲಿನದಕ್ಕೆ ನಮೂನೆ 7ರ (ಭೂಸುಧಾರಣೆಯಲ್ಲಿ ಗೇಣಿದಾರರು ಹಕ್ಕು ಕೇಳಿ ಕೊಟ್ಟ ಅರ್ಜಿಯ) ಕಡತ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅದಕ್ಕೂ ಹಿಂದಿನದನ್ನು ಮದ್ರಾಸಿನ ಕಾಗದಗಳಲ್ಲಿ ಹುಡುಕಬೇಕು.

ಮ್ಯುಟೇಶನ್ನಿನ ತಾರೀಖು ಸಿಕ್ಕ ಮೇಲೆಯೇ ಮರಣ ನೋಂದಣಿಗೆ ಹೋಗಿ. ಆ ವರ್ಷ ಮತ್ತು ಅದರ ಹಿಂದಿನ ಎರಡು ಮೂರು ವರ್ಷ ಕೇಳಿದರೆ ಸಾಕು.