ಫೋನ್ ಕಿತ್ತುಕೊಳ್ಳಲ್ಲ ಅಂತ ಮೊದಲು ಹೇಳಿ

ನಮ್ಮದು ಸಣ್ಣ ಸಂಸ್ಥೆ. ತುಮಕೂರು ಜಿಲ್ಲೆಯ ಸರ್ಕಾರಿ ಹೈಸ್ಕೂಲು, ಪಿಯು ಕಾಲೇಜುಗಳಿಗೆ ಹೋಗಿ ಇಂಟರ್‌ನೆಟ್ ಬಗ್ಗೆ ಮಕ್ಕಳ ಜೊತೆ ಮಾತಾಡುವುದು ನನ್ನ ಕೆಲಸ. ಶಾಲೆಯವರು ಕರೆಯುವುದು ಮಾತ್ರ ಬೇರೆಯದಕ್ಕೆ: "ಮೇಡಂ, ಮೊಬೈಲ್ ಮುಟ್ಟಬೇಡಿ ಅಂತ ಸ್ವಲ್ಪ ಬುದ್ಧಿ ಹೇಳಿ." ಅದೊಂದನ್ನು ನಾನು ಹೇಳುವುದಿಲ್ಲ.

ಯಾಕೆ ಅಂದ್ರೆ, ಎಷ್ಟೋ ಮನೆಗಳಲ್ಲಿ ಇರುವುದೇ ಒಂದು ಫೋನು. ಹಗಲೆಲ್ಲ ಅಪ್ಪನ ಜೇಬಲ್ಲಿ, ಸಂಜೆ ಅಣ್ಣನ ಕೈಯಲ್ಲಿ, ಪ್ಯಾಟರ್ನ್ ಲಾಕ್ ಕೂಡ ಅವನದೇ. ಹುಡುಗಿಗೆ ಸಿಗುವುದು ಅವರಿಬ್ಬರೂ ಊಟಕ್ಕೆ ಕೂತಾಗ. ಬೇರೆ ಹೆಸರಲ್ಲಿ ಇನ್‌ಸ್ಟಾ ಐಡಿ ಮಾಡಿಕೊಂಡಿರುತ್ತಾಳೆ. ಯಾರೋ ಅವಳ ಫೋಟೋ ಇಟ್ಟುಕೊಂಡು ಹೆದರಿಸಿದರೆ ಮನೆಯಲ್ಲಿ ಹೇಳುವ ಹಾಗಿಲ್ಲ, ಹೇಳಿದರೆ ಮೊದಲು ಬರುವ ಪ್ರಶ್ನೆ "ನಿಂಗ್ಯಾರು ಇನ್‌ಸ್ಟಾ ಮಾಡ್ಕೊ ಅಂದೋರು?", ಆಮೇಲೆ ಫೋನ್ ಹೋಗುತ್ತೆ, ಅದರ ಹಿಂದೆಯೇ ಕಾಲೇಜೂ ಹೋಗಬಹುದು. ಹೆದರಿಸುವವನಿಗೆ ಇದೆಲ್ಲ ಚೆನ್ನಾಗಿ ಗೊತ್ತು. "ನಿಮ್ಮಪ್ಪಂಗೆ ಕಳಿಸ್ತೀನಿ" ಅಂತ ಒಂದು ಸಾಲು ಟೈಪ್ ಮಾಡಿದರೆ ಅವನ ಕೆಲಸ ಮುಗಿಯಿತು. ಮನೆಯವರ ಸಿಟ್ಟೇ ಅವನ ಬಂಡವಾಳ.

ತರಗತಿಯಲ್ಲಿ ನಾವು ಪ್ರೊಜೆಕ್ಟರ್ ಬಳಸುವುದಿಲ್ಲ. ಖಾಲಿ ಚಾಕ್‌ಪೀಸ್ ಡಬ್ಬಿ ಇಟ್ಟು, ಹೆಸರಿಲ್ಲದೆ ಚೀಟಿ ಬರೆದು ಹಾಕಿ ಅನ್ನುತ್ತೇವೆ. "ಡಿಪಿ ಫೋಟೋ ತಗೊಂಡು ಬೇರೆ ಮೈಗೆ ಹಚ್ಚಬಹುದಾ ಅಕ್ಕ?" "ಫ್ರೀ ಫೈರ್ ಐಡಿ ಹೋಯ್ತು, ವಾಪಸ್ ಬರುತ್ತಾ?" "ಕನ್ಫೆಷನ್ ಪೇಜಲ್ಲಿ (ಹೆಸರು ಹೇಳದೆ ಯಾರು ಏನು ಬೇಕಾದರೂ ಹಾಕಿಸುವ ಪೇಜು) ನನ್ನ ಹೆಸರು ಹಾಕಿದ್ದಾರೆ." ಕೆಲವು ಚೀಟಿಗಳ ಅಕ್ಷರ ಸೊಟ್ಟಪಟ್ಟ ಇರುತ್ತೆ, ಗುರುತು ಸಿಗಬಾರದು ಅಂತ ಎಡಗೈಯಲ್ಲಿ ಬರೆದಿರುತ್ತಾರೆ. ವಿಡಿಯೋ ಕಾಲ್ ರೆಕಾರ್ಡ್ ಮಾಡಿಕೊಂಡು ದುಡ್ಡು ಕೇಳುವವರ ಕೈಗೆ ಸಿಕ್ಕವರಲ್ಲಿ ಹುಡುಗರೂ ಇದ್ದಾರೆ. ಅವರು ಬಾಯಿಬಿಟ್ಟು ಹೇಳುವುದು ಹುಡುಗಿಯರಿಗಿಂತ ಕಡಿಮೆ.

ಡಬ್ಬಿ ತೆರೆಯುವ ಮುಂಚೆ ಒಂದು ಮಾತು ಹೇಳಲೇಬೇಕು. 2012ರ ಪೋಕ್ಸೊ ಕಾಯ್ದೆ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿರುವುದು ಗೊತ್ತಾದರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಹಾಗಾಗಿ "ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಡಲ್ಲ, ಆದರೆ ನಿನಗೆ ಹೇಳದೆ ಒಂದು ಹೆಜ್ಜೆನೂ ಇಡಲ್ಲ" ಅನ್ನುತ್ತೇನೆ. ಇದನ್ನು ಕೇಳಿದ ಮೇಲೆ ಕೆಲವರು ಹತ್ತಿರ ಬರುವುದೇ ಇಲ್ಲ. ಹದಿನೇಳರ ಹುಡುಗ ಹುಡುಗಿ ತಾವೇ ಇಷ್ಟಪಟ್ಟು ಫೋಟೋ ಕಳಿಸಿಕೊಂಡ ಕೇಸುಗಳಲ್ಲಿ ಈ ಕಾಯ್ದೆ ತುಂಬಾ ಒರಟು ಅಂತ ನನಗೆ ಅನ್ನಿಸುತ್ತೆ. ಹಾಗಂತ ಮಕ್ಕಳಿಗೆ ಸುಳ್ಳು ಭರವಸೆ ಕೊಡೋಕಾಗಲ್ಲ ಅಲ್ವಾ.

ಹೆದರಿಸಿದರೆ ಏನು ಮಾಡಬೇಕು ಅನ್ನುವುದು ಆಮೇಲೆ. ದುಡ್ಡು ಕೊಡಬೇಡ, ಒಂದು ಸಲ ಕೊಟ್ಟರೆ ಮತ್ತೆ ಕೇಳುತ್ತಾನೆ. ಭಯಕ್ಕೆ ಚಾಟ್ ಅಳಿಸಬೇಡ. ಪ್ರೊಫೈಲ್ ಲಿಂಕ್ ಕಾಪಿ ಮಾಡಿ ಎಲ್ಲಾದರೂ ಬರೆದಿಡು, ಪ್ರೊಫೈಲಲ್ಲಿ ಕಾಣುವ ಹೆಸರು ಮಾತ್ರ ಸಾಲದು, ಅದನ್ನು ನಿಮಿಷದಲ್ಲಿ ಬದಲಿಸುತ್ತಾರೆ. ಬ್ಲಾಕ್ ಮಾಡುವುದು ಇದೆಲ್ಲ ಆದ ಮೇಲೆ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬೇಗ ಹೇಳಿದಷ್ಟೂ ದುಡ್ಡನ್ನು ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ. ಫೋಟೋ ವಿಷಯವಾದರೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮಾತಾಡಲು ಯಾರೂ ಇಲ್ಲ ಅಂದ್ರೆ ಮಕ್ಕಳ ಸಹಾಯವಾಣಿ 1098 ಇದೆ.

ಮೇಷ್ಟ್ರುಗಳಿಗೆ ಬೇರೆಯೇ ಕೂತು ಹೇಳುವ ಒಂದು ವಿಷಯ ಇದೆ. ಮಗು ತೋರಿಸಿದ ಫೋಟೋವನ್ನು "ಸಾಕ್ಷಿಗೆ ಇರಲಿ" ಅಂತ ತಮ್ಮ ಫೋನಿಗೆ ಹಾಕಿಕೊಳ್ಳಬಾರದು, ಸ್ಟಾಫ್ ಗ್ರೂಪಿಗಂತೂ ಹಾಕಲೇಬಾರದು. ಮಕ್ಕಳ ಲೈಂಗಿಕ ಚಿತ್ರ ಸಂಗ್ರಹಿಸುವುದು, ಹಂಚುವುದು ಅಪರಾಧ ಅನ್ನುತ್ತೆ ಐಟಿ ಕಾಯ್ದೆಯ 67ಬಿ ಸೆಕ್ಷನ್. ಮಕ್ಕಳ ಇಂಥ ಚಿತ್ರ ಇಟ್ಟುಕೊಳ್ಳುವುದೂ ಅಪರಾಧ ಆಗಬಹುದು ಅಂತ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಫೋಟೋ ಹರಡದಂತೆ ತಡೆಯಲು ಹದಿನೆಂಟರ ಒಳಗಿನವರಿಗೆ 'ಟೇಕ್ ಇಟ್ ಡೌನ್' ಅನ್ನುವ ವೆಬ್‌ಸೈಟ್ ಇದೆ, ದಾಟಿದವರಿಗೆ 'ಸ್ಟಾಪ್ ಎನ್‌ಸಿಐಐ'. "ಅಯ್ಯೋ ಅಕ್ಕ, ಅಲ್ಲಿಗೆ ಮತ್ತೆ ಫೋಟೋ ಕಳಿಸ್ಬೇಕಾ?" ಅಂತ ಮಕ್ಕಳು ಹೆದರುತ್ತಾರೆ. ಇಲ್ಲ, ಫೋಟೋ ನಿನ್ನ ಫೋನಲ್ಲೇ ಇರುತ್ತೆ, ಅದರ ಹೆಬ್ಬೆಟ್ಟಿನ ಗುರುತಿನಂಥ ಒಂದು ಕೋಡ್ ಮಾತ್ರ ಹೋಗುತ್ತೆ, ಆ ಗುರುತಿಗೆ ಹೊಂದುವ ಚಿತ್ರವನ್ನು ಕಂಪನಿಗಳು ಹುಡುಕಿ ತೆಗೆಯುತ್ತವೆ. ಈ ವ್ಯವಸ್ಥೆಗೆ ಸೇರಿರುವ ಕಂಪನಿಗಳಲ್ಲಿ ಮಾತ್ರ ಇದು ನಡೆಯುತ್ತೆ. ವಾಟ್ಸಾಪ್ ಗ್ರೂಪಿನ ಒಳಗೆ ಓಡಾಡುವ ಫೋಟೋಗೆ ಇದು ಮುಟ್ಟಲ್ಲ, ಅದನ್ನೂ ಮುಚ್ಚಿಡದೆ ಹೇಳುತ್ತೇವೆ.

ಹಕ್ಕಿನ ಮಾತು ಬಂದಾಗ ಮೇಷ್ಟ್ರುಗಳ ಮುಖ ಸ್ವಲ್ಪ ಗಂಟಾಗುತ್ತೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳು ಹೇಳಿದ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅಂದ್ರೆ ಮಕ್ಕಳು ಕಿವಿ ನಿಮಿರಿಸುತ್ತಾರೆ. ಅದಕ್ಕಿಂತ ಇಷ್ಟವಾಗುವುದು ಕೇರಳದ ಕಥೆ. ಸಂಜೆ ಆರರಿಂದ ಹತ್ತರ ತನಕ ಹಾಸ್ಟೆಲ್‌ನಲ್ಲಿ ಫೋನ್ ಬಳಸಬಾರದು ಅನ್ನುವ ನಿಯಮದ ವಿರುದ್ಧ ಕಾಲೇಜು ಹುಡುಗಿಯೊಬ್ಬಳು ಕೋರ್ಟಿಗೆ ಹೋದಳು. 2019ರಲ್ಲಿ ಕೇರಳ ಹೈಕೋರ್ಟ್ ಅವಳ ಪರ ತೀರ್ಪು ಕೊಟ್ಟಿತು. ಇಂಟರ್‌ನೆಟ್ ಸಿಗುವುದು ಓದುವ ಹಕ್ಕಿನ ಭಾಗ ಎಂದಿತು. ಹಾಸ್ಟೆಲ್ ಹುಡುಗಿಯರ ಚಪ್ಪಾಳೆ ಅಲ್ಲಿ ಬೀಳುತ್ತೆ. ವಾರ್ಡನ್ ನನ್ನನ್ನೇ ನೋಡುತ್ತಿರುತ್ತಾರೆ. ವೈಯಕ್ತಿಕ ಮಾಹಿತಿ ಕಾಪಾಡಲು ಬಂದ 2023ರ ಡೇಟಾ ಕಾಯ್ದೆ ಬಗ್ಗೆ ನನಗೆ ಇನ್ನೂ ಅನುಮಾನ ಇದೆ. ಹದಿನೆಂಟರ ಒಳಗಿನವರ ಮಾಹಿತಿ ಪಡೆಯಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತೆ ಅದು. ಕದ್ದುಮುಚ್ಚಿ ಫೋನ್ ಹಿಡಿಯುವ ಹುಡುಗಿಗೆ ಒಪ್ಪಿಗೆ ಯಾರು ಕೊಡ್ತಾರೆ?

ಅದಕ್ಕೇ ಈಗೀಗ ಸ್ತ್ರೀಶಕ್ತಿ ಸಂಘದ ಸಭೆಗಳಿಗೂ ಹೋಗುತ್ತೇವೆ. ಅಮ್ಮಂದಿರಿಗೆ ನಾವು ಕೊಡುವ ಹೋಂವರ್ಕ್ ಒಂದೇ. ಇವತ್ತು ರಾತ್ರಿ ಮಕ್ಕಳಿಗೆ "ಏನೇ ಆದ್ರೂ ಫೋನ್ ಕಿತ್ಕೊಳ್ಳಲ್ಲ, ಮೊದ್ಲು ನಂಗೆ ಹೇಳು" ಅನ್ನಬೇಕು. ಕೆಲವರು ನಗುತ್ತಾರೆ, "ಅವ್ರಪ್ಪ ಕಿತ್ಕೊಂಡ್ರೆ?" ಅನ್ನುತ್ತಾರೆ. ನಿಜ, ಅಪ್ಪಂದಿರನ್ನು ಸಭೆಗೆ ಕರೆತರುವುದು ನಮಗಿನ್ನೂ ಸರಿಯಾಗಿ ಆಗಿಲ್ಲ. ಆಮೇಲೆ ಅವರವರ ಫೋನಿನಲ್ಲೇ ವಾಟ್ಸಾಪ್‌ನ 'ಲಿಂಕ್ಡ್ ಡಿವೈಸಸ್' ತೆರೆಸುತ್ತೇವೆ, ಅವರ ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಅಂತ ಅದು ತೋರಿಸುತ್ತೆ. ಒಬ್ಬರ ಫೋನಲ್ಲಿ ಅವರಿಗೆ ಗೊತ್ತೇ ಇಲ್ಲದ ಕಂಪ್ಯೂಟರ್ ಕಾಣಿಸಿತು. "ಇದನ್ನ ತೆಗೆದ್ರೆ ಅವ್ರಿಗೆ ಗೊತ್ತಾಗುತ್ತಾ ಮೇಡಂ?" ಅಂತ ಮೆಲ್ಲಗೆ ಕೇಳಿದರು. ಗೊತ್ತಾಗುತ್ತೆ, ಆ ಕಡೆ ಲಾಗೌಟ್ ಆಗಿಬಿಡುತ್ತೆ. ಹಾಗಾಗಿ ಈ ಭಾಗವನ್ನು ಈಗ ಎಲ್ಲರೆದುರು ಮಾಡಿಸದೆ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಮಾಡಿಸುತ್ತೇವೆ. ತೆಗೆಯುವುದೋ ಬಿಡುವುದೋ ಅವರೇ ಯೋಚಿಸಿ ಹೇಳುತ್ತಾರೆ.