ಎಳೆ ಕಡಿದದ್ದು ಕಾಣಲಿಲ್ಲ

ಬನಹಟ್ಟಿಯಲ್ಲಿ ನಮ್ಮದು ನಾಲ್ಕು ಪವರ್‌ಲೂಮ್. ರಾತ್ರಿ ಪಾಳಿ ನನ್ನದು. ಮಗ್ಗ ತಾನೇ ಓಡುತ್ತದೆ, ಅಡ್ಡ ನೂಲಿನ ಕಂಡಿಕೆ ಮುಗಿದಾಗ ಬದಲಿಸಿದರೆ ಸಾಕು ಅಂತ ಕೈಯಲ್ಲಿ ಸದಾ ಮೊಬೈಲ್, ಅದರಲ್ಲಿ ಆನ್‌ಲೈನ್ ಆಟ. ಒಂದು ಮ್ಯಾಚ್ ಅಂದರೆ ಹತ್ತಿರ ಹತ್ತಿರ ಅರ್ಧ ತಾಸು. ನಡುವೆ ಏಳೋ ಹಾಗಿಲ್ಲ, ತಂಡದ ಉಳಿದ ಮೂವರು ಬೈತಾರೆ. ಒಂದು ರಾತ್ರಿ ಹಾಸಿನ, ಅಂದರೆ ಉದ್ದ ನೂಲಿನ, ಎಳೆ ಕಡಿದು ಸೀರೆಯುದ್ದಕ್ಕೂ ಗೆರೆ ಬಿತ್ತು. ಬೆಳಿಗ್ಗೆ ಅಪ್ಪ ಅದನ್ನು ಬೆಳಕಿಗೆ ಹಿಡಿದು, "ಮಗ್ಗದ ಮುಂದ ಕುಂತು ಎಲ್ಲಿದ್ದೀಪಾ ನೀ?" ಅಂದರು. ಆ ಸೀರೆ ಈಗ ಅವ್ವ ಮನೆಯಲ್ಲಿ ಉಡುತ್ತಾಳೆ.

ಇದನ್ನು ಯಾರಾದರೂ ಚಟ ಅಂದರೆ ನನಗೆ ಸಿಟ್ಟು ಬರುತ್ತಿತ್ತು. ಚಟ ಅನ್ನೋದು ಗುಟ್ಕಾ, ಇಸ್ಪೀಟಿಗೆ. ಇದು ಸುಮ್ನೆ ಆಟ ಅಲ್ವಾ? 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ನಿಷೇಧವಾದಾಗಲೇ ನನಗೆ ಅನುಮಾನ ಬರಬೇಕಿತ್ತು. ಎರಡೇ ದಿನದಲ್ಲಿ ಬೇರೆ ಆಟ ಹಾಕಿಕೊಂಡಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ 'ಗೇಮಿಂಗ್ ಡಿಸಾರ್ಡರ್', ಅಂದರೆ ಆಟದ ಗೀಳನ್ನು, ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ದಿನಕ್ಕೆ ಇಷ್ಟು ತಾಸು ಆಡಿದರೆ ಕಾಯಿಲೆ ಅಂತ ಅದರಲ್ಲಿಲ್ಲ. ಹಿಡಿತ ತಪ್ಪಿದೆಯಾ, ಬೇರೆಲ್ಲಕ್ಕಿಂತ ಆಟವೇ ಮುಂದಾಗಿದೆಯಾ, ಹಾನಿ ಕಂಡರೂ ನಿಲ್ಲುತ್ತಿಲ್ಲವಾ ಅಂತ ನೋಡುತ್ತಾರೆ. ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು. ನನ್ನದು ಅದಕ್ಕೂ ಹಳೆಯದು. ಕಾಕಾನ ಮಗ ರಜೆಯಲ್ಲಿ ನನಗಿಂತ ಜಾಸ್ತಿ ಆಡುತ್ತಾನೆ, ಆದರೆ ಊಟಕ್ಕೆ ಕರೆದರೆ ಮೊಬೈಲ್ ಇಟ್ಟು ಎದ್ದು ಬರುತ್ತಾನೆ. ಅವನನ್ನೂ ನನ್ನ ಸಾಲಿಗೆ ಸೇರಿಸೋದು ಅನ್ಯಾಯ.

ಆಪ್ ತೆಗೆದರೆ ಮುಗೀತು ಅಂದುಕೊಂಡಿದ್ದೆ. ನಾಲ್ಕು ಸಲ ತೆಗೆದೆ, ನಾಲ್ಕು ಸಲ ಮತ್ತೆ ಹಾಕಿದೆ. ಕೊನೆಗೆ ಮಾನಸಿಕ ಆರೋಗ್ಯಕ್ಕಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಎಷ್ಟು ಹೊತ್ತು ಆಡಿದಿರಿ ಅಂತ ಬರೆಯಬೇಡಿ, ಕೈ ಮೊಬೈಲ್‌ಗೆ ಹೋದದ್ದು ಯಾವಾಗ ಅಂತ ಬರೆಯಿರಿ ಅಂದರು. ವಾರ ಬರೆದೆ. ಹೆಚ್ಚುಕಡಿಮೆ ಎಲ್ಲವೂ ರಾತ್ರಿ 11ರ ನಂತರ, ಆ ಮೂವರು ಆನ್‌ಲೈನ್ ಬಂದಾಗ. ಆಟಕ್ಕಿಂತ ಅವರ ಹರಟೆ ನನ್ನನ್ನು ಎಳೆಯುತ್ತಿತ್ತು. ಗಡಗಡ ಸದ್ದಿನ ಮಗ್ಗದ ಮನೆಯಲ್ಲಿ ಒಬ್ಬನೇ ಇರೋನಿಗೆ ಇನ್ಯಾರು ಮಾತಿಗೆ ಸಿಗುತ್ತಾರೆ?

ಅಪ್ಪನಿಗೆ ಹೇಳಿ ಹಗಲು ಪಾಳಿಗೆ ಬಂದೆ. ಮಗ್ಗದ ಹತ್ತಿರ ಕೀಪ್ಯಾಡ್ ಫೋನ್ ಅಷ್ಟೇ. ಮೊದಲ ಹತ್ತು ದಿನ ನಿದ್ದೆ ಇಲ್ಲ, ಎಲ್ಲರ ಮೇಲೂ ರೇಗಾಟ.

ಪೂರ್ತಿ ಬಿಟ್ಟಿಲ್ಲ. ಭಾನುವಾರ ಕಾಕಾನ ಮಗನ ಮೊಬೈಲ್‌ನಲ್ಲಿ ಎರಡು ಮ್ಯಾಚ್ ಆಡುತ್ತೇನೆ. ಮೂರನೆಯದಕ್ಕೆ ಕೈ ಚಾಚಿದರೆ ಅವನೇ ಕಸಿದುಕೊಂಡು ಓಡುತ್ತಾನೆ.