ಲಿಂಬಿ ಚಿಗುರಿನ ರಂಗೋಲಿ ಹುಳ: ಬಾಟ್ಲಿಯಲ್ಲಿ ಸಾಕಿ ನೋಡಿದ್ದು

ಎಲೆ ಮೇಲೆ ಬೆಳ್ಳಿ ಗೆರೆ ಕಂಡ ಮೇಲೆ ಔಷಧಿ ಹೊಡೆಯುವುದು ನಮ್ಮ ಇಂಡಿ ಭಾಗದ ಲಿಂಬಿ ತೋಟಗಳಲ್ಲಿ ರೂಢಿ. ಅಷ್ಟೊತ್ತಿಗೆ ಹುಳ ಎಲೆಯ ತೆಳು ಪೊರೆಯ ಕೆಳಗೆ ಬೆಚ್ಚಗಿರುತ್ತದೆ, ಮೇಲೆ ಬಿದ್ದ ಔಷಧಿ ಅದನ್ನು ಮುಟ್ಟುವುದೇ ಕಷ್ಟ.

ಮುಂಗಾರಿನ ಚಿಗುರಿನಲ್ಲಿ ಒಂದೆರಡು ಸೆಂಟಿಮೀಟರ್ ಉದ್ದದ ಎಲೆ ಆರಿಸಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿದೆ. ಬಲಿತ ಎಲೆಯಲ್ಲಿ ಹುಡುಕಿ ಫಲವಿಲ್ಲ, ಅಲ್ಲಿ ಈ ಹುಳದ ತಾಯಿ ಪತಂಗ ಮೊಟ್ಟೆ ಇಡುವುದು ತೀರಾ ಅಪರೂಪ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದು ಎಲೆ ಮಗುಚಿದರೆ ನಡುನರದ ಪಕ್ಕ ಇಬ್ಬನಿ ಹನಿಯಂಥ ಮೊಟ್ಟೆ, ಒಂದೊಂದೇ. ಮರಿ ಮೊಟ್ಟೆಯ ತಳದಿಂದಲೇ ನೇರ ಎಲೆಯೊಳಗೆ ಇಳಿಯುತ್ತದೆ, ಹೊರಗಿನ ಗಾಳಿ ಕಾಣುವುದೇ ಇಲ್ಲ. ಹಸಿರು ತಿರುಳು ಬಿಟ್ಟು ಹೊರಪದರದ ರಸವನ್ನಷ್ಟೇ ಹೀರುವುದರಿಂದ ಗೆರೆ ಬೆಳ್ಳಗೆ ಹೊಳೆಯುತ್ತದೆ. ನಡುವಿನ ಕಪ್ಪು ನೂಲು ಅದರ ಹಿಕ್ಕೆ. ನಾಲ್ಕನೇ ಹಂತದಲ್ಲಿ ಹುಳ ತಿನ್ನುವುದಿಲ್ಲ. ಎಲೆಯಂಚಿಗೆ ಬಂದು, ರೇಷ್ಮೆ ನೂತು, ಅಂಚನ್ನು ಮಡಚಿಕೊಂಡು ಕೋಶವಾಗುತ್ತದೆ.

ಸಾಕಲು ಕೊಯ್ಯಬೇಕಾದ್ದು ಈ ಅಂಚು ಮಡಚಿದ ಎಲೆಯನ್ನೇ. ಬಿಡಿ ಎಲೆ ತಂದರೆ ಒಣಗಿ ಹುಳ ಸಾಯುತ್ತದೆ, ಬೇರೆ ಎಲೆಗೆ ದಾಟುವ ಶಕ್ತಿ ಅದಕ್ಕಿಲ್ಲ. ಗೇಣುದ್ದ ಟೊಂಗೆ ಕತ್ತರಿಸಿ, ನೀರಿನ ಶೀಶೆಗೆ ಹತ್ತಿ ಬಿಗಿದು ನಿಲ್ಲಿಸಿ, ಅದನ್ನು ಅಗಲ ಬಾಯಿಯ ಬಾಟ್ಲಿಯಲ್ಲಿಟ್ಟು ತೆಳು ಬಟ್ಟೆ ಕಟ್ಟಬೇಕು. ಮುಚ್ಚಳ ಹಾಕಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಪತಂಗ ಬೆಳಕು ಹರಿಯುವ ಹೊತ್ತಿಗೆ ಹೊರಬೀಳುತ್ತದೆ: ಎರಡು ಮಿಲಿಮೀಟರ್ ಮೈ, ಬೆಳ್ಳಿ ರೆಕ್ಕೆ, ತುದಿಯಲ್ಲೊಂದು ಕಪ್ಪು ಚುಕ್ಕೆ. ಕೆಲವು ಎಲೆಯಿಂದ ಪತಂಗದ ಬದಲು ಸಣ್ಣ ಕಣಜ ಬಂತು. ರಂಗೋಲಿ ಹುಳವನ್ನೇ ತಿಂದು ಬೆಳೆಯುವ ಪರಾವಲಂಬಿ ಅದು, ಬಿಸಾಡದೆ ತೋಟಕ್ಕೇ ಬಿಟ್ಟೆ.

ಮೊಟ್ಟೆಯಿಂದ ಪತಂಗದವರೆಗೆ ಬೆಚ್ಚಗಿನ ದಿನಗಳಲ್ಲಿ ಎರಡು ವಾರ ಸಾಕು, ಚಳಿಯಲ್ಲಿ ಏಳು ವಾರದವರೆಗೂ ಎಳೆಯುತ್ತದೆ. ಅದಕ್ಕೇ ಈಗ ಗೆರೆ ಕಾಯುವುದಿಲ್ಲ. ಚಿಗುರು ಒಂದು ಅಂಗುಲವಾದಾಗಲೇ ಲೀಟರ್ ನೀರಿಗೆ ಹತ್ತು ಮಿಲಿಲೀಟರ್ ಬೇವಿನ ಎಣ್ಣೆ, ಚೂರು ಸೋಪಿನ ನೀರು ಕಲಸಿ, ಸಂಜೆ, ಎಲೆಯ ಅಡಿಗೆ ತಾಗುವಂತೆ ಹೊಡೆಯುತ್ತೇನೆ. ಬಿಸಿಲಲ್ಲಿ ಬೇವಿನ ಸತ್ವ ಬೇಗ ಹಾಳಾಗುತ್ತದೆ. ಯೂರಿಯಾ ಒಮ್ಮೆಲೇ ಸುರಿದರೆ ಚಿಗುರೊಡೆಯುವುದು ನಿಲ್ಲುವುದೇ ಇಲ್ಲ, ಹುಳಕ್ಕೂ ಹಬ್ಬ. ಬಲಿತ ಗಿಡ ಈ ಹುಳದ ಕಾಟ ತಡೆದೀತು. ಎಳೆ ಸಸಿ ತಡೆಯದು, ಗೆರೆಯ ಗಾಯದಲ್ಲೇ ಕಜ್ಜಿ ರೋಗವೂ ಹೊಕ್ಕುತ್ತದೆ.